ಮಗುವಿನ ಕೈಗೆ ಮೊದಲು ಯಾವುದು: ಗ್ಲೈಡರೋ, ಡ್ರೋನೋ, ಡ್ರಾಫ್ಟರೋ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಮಕ್ಕಳಿಗೆ ಯಂತ್ರಲೋಕ ದೂರದ್ದೇನಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕೆಜಿಎಫ್‌ನಲ್ಲಿ ಬೆಮೆಲ್ ದಶಕಗಳಿಂದ ಮಣ್ಣು ಅಗೆಯುವ ಭಾರಿ ಯಂತ್ರಗಳನ್ನು ತಯಾರಿಸುತ್ತಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರಕ್ಕೆ ಕೂಗಳತೆಯಲ್ಲಿದೆ, ದೇವನಹಳ್ಳಿಯ ವಿಮಾನ ನಿಲ್ದಾಣವೂ ಅಲ್ಲಿಂದ ದೂರವಿಲ್ಲ. ಇಷ್ಟೆಲ್ಲ ಇದ್ದೂ ಆರನೆಯ, ಏಳನೆಯ ತರಗತಿಯ ಬಹುಪಾಲು ಮಕ್ಕಳಿಗೆ ವಿಮಾನವೆಂದರೆ ಕತ್ತೆತ್ತಿ ನೋಡುವ ವಸ್ತು ಅಷ್ಟೆ. ಅದನ್ನು ಅಳೆದು, ಕಾಗದದ ಮೇಲೆ ಬರೆದು, ಕತ್ತರಿಸಿ, ಹಾರಿಸಿ ನೋಡುವ ಅಭ್ಯಾಸ ಹಿಡಿಸಬೇಕೆಂದಿರುವ ಪೋಷಕರಿಗೆ, ಮೇಷ್ಟರುಗಳಿಗೆ ಈ ಬರಹ.

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಆಯ್ಕೆಗಳಿಗೆ ಲೆಕ್ಕವಿಲ್ಲ: ಕಾಗದದ ವಿಮಾನ, ಫೋಮ್ ಗ್ಲೈಡರ್ (ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಮಾದರಿ), ರಬ್ಬರ್ ಸುತ್ತಿ ಹಾರಿಸುವ ಮಾದರಿ, ರಿಮೋಟ್ ವಿಮಾನ, ಡ್ರೋನ್ ಕಿಟ್, ಕಂಪ್ಯೂಟರಿನ ಸಿಮ್ಯುಲೇಟರ್. ಡ್ರಾಯಿಂಗ್‌ಗೆ ಬಂದರೆ ಕೈಬರಹದ ಹಲಗೆ ಒಂದು ಕಡೆ, ಕಂಪ್ಯೂಟರಿನಲ್ಲಿ ಬರೆಯುವ ಕ್ಯಾಡ್ ತಂತ್ರಾಂಶ ಇನ್ನೊಂದು ಕಡೆ. ಯಾವುದನ್ನೇ ತೂಗಿ ನೋಡಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಮಗು ಅದನ್ನು ಅಳತೆ ಸಮೇತ ತಾನೇ ಬರೆಯಬಲ್ಲದೇ? ಹಾರದೆ ಬಿದ್ದಾಗ ಯಾಕೆ ಬಿತ್ತೆಂದು ತಾನೇ ಕಂಡುಹಿಡಿಯಬಲ್ಲದೇ? ಮುರಿದರೆ ತಾನೇ ಸರಿಮಾಡಬಲ್ಲದೇ?

ಈ ಮೂರಕ್ಕೂ ಹೌದು ಎನ್ನುವುದು ಫೋಮ್ ಗ್ಲೈಡರ್ ಒಂದೇ. ಹತ್ತರಿಂದ ಹದಿನಾಲ್ಕರ ವಯಸ್ಸಿನ ಮಗುವಿಗೆ ಮೊದಲು ಅದನ್ನೇ ಕೊಡಿ, ಎರಡನೆಯದಾಗಿ ರಬ್ಬರ್ ವಿಮಾನ, ಮೋಟಾರು ಬ್ಯಾಟರಿಗಳೆಲ್ಲ ಆಮೇಲೆ. ವಿಮಾನದ ಚರಿತ್ರೆಯೂ ಇದೇ ದಾರಿಯಲ್ಲಿ ನಡೆದಿದೆ. ರೈಟ್ ಸಹೋದರರು 1900ರಿಂದ 1902ರವರೆಗೆ ಗ್ಲೈಡರುಗಳನ್ನು ಮಾಡಿ ಹಾರಿಸಿ ತಿದ್ದಿದ ಮೇಲೆಯೇ 1903ರ ಡಿಸೆಂಬರಿನಲ್ಲಿ ಎಂಜಿನ್ ಕೂರಿಸಿದ್ದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾರುತ್ ಜೆಟ್ ಯುದ್ಧವಿಮಾನವನ್ನು ರೂಪಿಸುವಾಗಲೂ ಅದೇ ಗಾತ್ರದ ಮರದ ಗ್ಲೈಡರ್ ಕಟ್ಟಿ 1959ರಲ್ಲಿ ಹಾರಿಸಿ ನೋಡಿದ್ದರು, ಎಂಜಿನ್ ಹೊತ್ತ ಮಾರುತ್ ಮೇಲೇರಿದ್ದು 1961ರಲ್ಲಿ.

ಕಾಗದದ ವಿಮಾನ

ಖರ್ಚಿಲ್ಲ, ಐದು ನಿಮಿಷದ ಕೆಲಸ. ಹಿಂದಿನ ಅಂಚನ್ನು ಒಂದೆರಡು ಮಿ.ಮೀ. ಮೇಲಕ್ಕೆ ಬಗ್ಗಿಸಿದರೆ ಮೂಗು ಮೇಲೇಳುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಸುಲಭದ ಸಾಧನ ಇಲ್ಲ. ಆದರೆ ಮಡಿಕೆಗಳಿಂದ ಆದ ಆಕಾರಕ್ಕೆ ಅಳತೆ ಹಾಕುವುದು ಕಷ್ಟ, ಎರಡು ಸಲ ನೆಲಕ್ಕೆ ತಾಗಿದರೆ ಮಡಿಕೆ ಸಡಿಲವಾಗಿ ಅದು ಬೇರೆಯೇ ವಿಮಾನ ಆಗಿಬಿಡುತ್ತದೆ. ನಿನ್ನೆಯ ಫಲಿತಾಂಶವನ್ನು ಇವತ್ತಿನದಕ್ಕೆ ಹೋಲಿಸಲಾಗದು. ಎಂಟು ವರ್ಷದ ಒಳಗಿನವರಿಗೆ ಇದು ಸರಿ, ದೊಡ್ಡ ಮಕ್ಕಳಿಗೆ ಒಂದು ಮಧ್ಯಾಹ್ನದ ಪೀಠಿಕೆಯಾಗಿ ಮಾತ್ರ.

ಫೋಮ್ ಗ್ಲೈಡರ್

ಮೊದಲು ಸಾಮಗ್ರಿಯ ವಿಚಾರ. ಅಲಂಕಾರದ ಥರ್ಮಾಕೋಲ್ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಾಗಿದೆ. ಟಿವಿ, ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬರುವ ಪ್ಯಾಕಿಂಗ್ ಥರ್ಮಾಕೋಲ್ ಮನೆಯಲ್ಲಿ ಇರುತ್ತದಾದರೂ ಅದು ದಪ್ಪ, ಕಾಳುಕಾಳು, ಬ್ಲೇಡು ಇಟ್ಟರೆ ಅಂಚು ಉದುರುತ್ತದೆ. ಬೇಕಾದ್ದು 3 ಮಿ.ಮೀ. ದಪ್ಪದ, ನುಣುಪು ಮೈಯ ಫೋಮ್ ಹಾಳೆ. ಹವ್ಯಾಸದ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಡೆಪ್ರಾನ್ ಎಂಬ ಹೆಸರಿನಲ್ಲಿ ಕೇಳಿ. ಎರಡೂ ಕಡೆ ಕಾಗದ ಅಂಟಿಸಿದ 5 ಮಿ.ಮೀ. ಫೋಮ್ ಬೋರ್ಡನ್ನು ಸ್ಟೇಷನರಿ ಅಂಗಡಿಯವರು ಅದರ ಬದಲು ಕೊಡಲು ನೋಡುತ್ತಾರೆ. ಅದು ಇಷ್ಟು ಸಣ್ಣ ಗ್ಲೈಡರಿಗೆ ಭಾರವಾಗುತ್ತದೆ.

ಆರಂಭಕ್ಕೆ ಈ ಅಳತೆಗಳನ್ನು ಇಟ್ಟುಕೊಳ್ಳಿ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 400 ಮಿ.ಮೀ., ಅಗಲ 80 ಮಿ.ಮೀ. ಬಾಲದ ಅಡ್ಡರೆಕ್ಕೆ 140 ಉದ್ದ, 50 ಅಗಲ. ಬಾಲದ ನಿಲುವು ರೆಕ್ಕೆ 60 ಎತ್ತರ, 50 ಅಗಲ. ದೇಹಕ್ಕೆ 360 ಮಿ.ಮೀ. ಉದ್ದದ, ಸುಮಾರು 4 ಮಿ.ಮೀ. ಚೌಕದ ಬಿದಿರಿನ ಸೀಳು, ಗಾಳಿಪಟಕ್ಕೆ ಸೀಳುತ್ತಾರಲ್ಲ, ಅದನ್ನೇ ತುಸು ದಪ್ಪಕ್ಕೆ ಸೀಳಿಸಿಕೊಂಡರೆ ಆಯಿತು. ತೆಂಗಿನ ಪೊರಕೆ ಕಡ್ಡಿ ಸುಲಭವಾಗಿ ಸಿಗುತ್ತದೆಂದು ಅದನ್ನು ಬಳಸಬೇಡಿ: ಬುಡ ದಪ್ಪ, ತುದಿ ಸಣ್ಣ, ಎಸೆದ ಕೂಡಲೇ ಬಾಗಿ ಬಾಲದ ಕೋನ ಕೆಡುತ್ತದೆ. ರೆಕ್ಕೆಯ ಮುಂದಿನ ಅಂಚು ಮೂಗಿನಿಂದ 90 ಮಿ.ಮೀ. ಹಿಂದೆ ಬರಲಿ.

ಇಲ್ಲಿ ಮಗುವಿಗೆ ಲೆಕ್ಕ ಮಾಡಿಸಿ. ರೆಕ್ಕೆಯ ವಿಸ್ತೀರ್ಣ 320 ಚದರ ಸೆಂ.ಮೀ., ಬಾಲದ ಅಡ್ಡರೆಕ್ಕೆಯದು 70. ಅಂದರೆ ಬಾಲವು ರೆಕ್ಕೆಯ ಶೇ 22ರಷ್ಟು. ಇದನ್ನು ಅರ್ಧಕ್ಕೆ ಇಳಿಸಿ ಇನ್ನೊಂದು ಗ್ಲೈಡರ್ ಮಾಡಿದರೆ ಅದು ಯಾಕೆ ಗಾಳಿಯಲ್ಲಿ ತಲೆ ಕುಣಿಸುತ್ತದೆ ಎಂಬುದು ಮಾತಿಲ್ಲದೆ ಅರ್ಥವಾಗುತ್ತದೆ. ಏಳನೆಯ ತರಗತಿಯ ಶೇಕಡಾ ಲೆಕ್ಕಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಪುಸ್ತಕದಲ್ಲಿ ಸಿಗುವುದು ಅಪರೂಪ.

ರೆಕ್ಕೆಯನ್ನು ನಡುವೆ ಕತ್ತರಿಸಿ, ಕತ್ತರಿಸಿದ ಅಂಚುಗಳನ್ನು ಉಪ್ಪುಕಾಗದದಿಂದ ತುಸು ಓರೆಯಾಗಿ ಉಜ್ಜಿ. ಒಂದು ಅರ್ಧವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಇನ್ನೊಂದರ ತುದಿಯ ಕೆಳಗೆ 50 ಮಿ.ಮೀ. ಎತ್ತರದ ಪುಸ್ತಕದ ಅಟ್ಟಿ ಇಟ್ಟು, ಕೂಡುವ ಜಾಗಕ್ಕೆ ಅಂಟು ಹಚ್ಚಿ. ದೇಹದ ಮೇಲೆ ಕೂರಿಸಿದಾಗ ಎರಡೂ ತುದಿ 25 ಮಿ.ಮೀ.ನಷ್ಟು ಮೇಲೆ ನಿಲ್ಲುತ್ತವೆ. ಗಾಳಿ ಒಂದು ಕಡೆಗೆ ವಾಲಿಸಿದಾಗ ಗ್ಲೈಡರ್ ತಾನಾಗಿ ಸರಿಯಾಗುವುದು ಈ ಏರಿಕೆಯಿಂದಲೇ. ಚಪ್ಪಟೆ ರೆಕ್ಕೆ ಹಾಕಿದರೆ ವಾಲಿದ್ದು ವಾಲಿದಂತೆಯೇ ಸುರುಳಿ ಸುತ್ತಿ ನೆಲಕ್ಕೆ ಬರುತ್ತದೆ. ರೆಕ್ಕೆಯನ್ನು ದೇಹಕ್ಕೆ ಅಂಟಿಸುವಾಗ ಮುಂದಿನ ಅಂಚಿನ ಕೆಳಗೆ 2 ಮಿ.ಮೀ. ದಪ್ಪದ ಚೂರು ಇಡಿ, ಬಾಲ ಮಾತ್ರ ದೇಹಕ್ಕೆ ಸಮಾನಾಂತರವಾಗಿರಲಿ.

ಅಂಟಿನಲ್ಲಿ ಬಹಳ ಮಕ್ಕಳು ಸೋಲುತ್ತಾರೆ. ಫೆವಿಕ್ವಿಕ್ ಹಚ್ಚಿದರೆ ಫೋಮ್ ಕರಗಿ ಗುಳಿ ಬೀಳುತ್ತದೆ. ಸ್ಪ್ರೇ ಪೇಂಟ್, ಥಿನ್ನರ್, ಪೆಟ್ರೋಲು ಬೆರೆತ ಯಾವುದೂ ಅದಕ್ಕೆ ಆಗದು. ಫೆವಿಕಾಲ್ ಸುರಕ್ಷಿತ, ಆದರೆ ಫೋಮ್ ನೀರು ಹೀರುವುದಿಲ್ಲವಾದ್ದರಿಂದ ನಡುವಿನ ತೇವ ಹೊರಹೋಗಲು ತುಂಬ ಹೊತ್ತು ಬೇಕು. ತೆಳ್ಳಗೆ ಹಚ್ಚಿ, ಸೆಲ್ಲೋಟೇಪಿನಿಂದ ಬಿಗಿದು, ರಾತ್ರಿಯಿಡೀ ಬಿಡಿ. ಸಂಜೆ ಅಂಟಿಸಿ ಸಂಜೆಯೇ ಹಾರಿಸಲು ಹೊರಟರೆ ರೆಕ್ಕೆ ಜಾರುತ್ತದೆ.

ಮೂಗಿಗೆ ತೂಕ ಬೇಕು. ತೂಕದ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ 24 ಮಿ.ಮೀ. ಹಿಂದೆ, ಅಂದರೆ ಅಗಲದ ಶೇ 30ರ ಹತ್ತಿರ ಬರಬೇಕು. ಆ ಜಾಗಕ್ಕೆ ರೆಕ್ಕೆಯ ಅಡಿಯಲ್ಲಿ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, ಎರಡು ಬೆರಳ ತುದಿಯ ಮೇಲೆ ನಿಲ್ಲಿಸಿ ನೋಡಿ. ಈ ಅಳತೆಗೆ ಸುಮಾರು 6 ಗ್ರಾಂ ಮಾಡೆಲಿಂಗ್ ಕ್ಲೇ ಹಿಡಿಯುತ್ತದೆ, ಇಡೀ ಗ್ಲೈಡರ್ 15ರಿಂದ 17 ಗ್ರಾಂ ತೂಗುತ್ತದೆ. ಕ್ಲೇ ಇಲ್ಲವೆಂದು ಚಪಾತಿ ಹಿಟ್ಟು ಮೆತ್ತಿದರೆ ಇವತ್ತು ಸರಿಯಿದ್ದದ್ದು ನಾಳೆ ಒಣಗಿ ಹಗುರಾಗಿರುತ್ತದೆ.

ಎಸೆಯುವ ಕ್ರಮ ಕಲಿಸುವುದೂ ಮುಖ್ಯ. ಮಕ್ಕಳು ಕಲ್ಲು ಬೀಸಿದಂತೆ ಮೇಲಕ್ಕೆ ಎಸೆಯುತ್ತಾರೆ. ಹೆಗಲ ಮಟ್ಟದಲ್ಲಿ ಹಿಡಿದು, ಮೂಗು ಕೂದಲೆಳೆಯಷ್ಟು ಕೆಳಗಿರುವಂತೆ, ನೇರ ಮುಂದಕ್ಕೆ ನೂಕಿ ಬಿಡಬೇಕು. ಸಾವಧಾನವಾಗಿ ಓಡುವವರ ವೇಗ ಸಾಕು. ಸರಿ ಹೊಂದಿದ್ದರೆ ಆರರಿಂದ ಎಂಟು ಮೀಟರ್ ತೇಲಿ ಹೊಟ್ಟೆಯ ಮೇಲೆ ಕೂರುತ್ತದೆ.

ಈಗ ತಪ್ಪುಗಳು. ಮೂಗೆತ್ತಿ, ನಿಂತು, ಬಿದ್ದು, ಮತ್ತೆ ಮೂಗೆತ್ತಿದರೆ ಹಿಂಭಾರ ಹೆಚ್ಚಾಗಿದೆ: ಕಡಲೆ ಕಾಳಿನಷ್ಟು ಕ್ಲೇ ಮೂಗಿಗೆ ಸೇರಿಸಿ. ನೇರ ನೆಲಕ್ಕೆ ಮೂಗು ಕುಟ್ಟಿದರೆ ಕ್ಲೇ ತೆಗೆಯಿರಿ. ತೂಕದ ಕೇಂದ್ರ ಗುರುತಿನಲ್ಲೇ ಇದ್ದೂ ಕುಟ್ಟುತ್ತಿದ್ದರೆ ಬಾಲದ ಹಿಂದಿನ ಅಂಚನ್ನು 1 ಮಿ.ಮೀ. ಮೇಲಕ್ಕೆ ಬಗ್ಗಿಸಿ. ಸದಾ ಒಂದೇ ಕಡೆಗೆ ತಿರುಗಿದರೆ ಗ್ಲೈಡರನ್ನು ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಹತ್ತರಲ್ಲಿ ಎಂಟು ಸಲ ಒಂದು ರೆಕ್ಕೆ ತಿರುಚಿರುತ್ತದೆ, ಇಲ್ಲವೇ ಬಾಲ ಓರೆಯಾಗಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸಿದ್ದೇನು, ಆಮೇಲೆ ಏನಾಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿಸಿ. ಕ್ಲೇಯನ್ನೂ ಬಾಲವನ್ನೂ ಒಟ್ಟಿಗೆ ಬದಲಿಸಿದ ಮಗುವಿಗೆ ಯಾವುದರಿಂದ ಸರಿಹೋಯಿತೆಂದು ಕೊನೆಗೂ ಗೊತ್ತಾಗುವುದಿಲ್ಲ.

ಹಾರಿಸುವ ಜಾಗ ಮತ್ತು ಹೊತ್ತು: ನಮ್ಮ ಕಡೆ ಆಷಾಢದ ಗಾಳಿ ಗಾಳಿಪಟಕ್ಕೆ ಹೇಳಿ ಮಾಡಿಸಿದ್ದು, 16 ಗ್ರಾಂನ ಗ್ಲೈಡರಿಗೆ ಅಲ್ಲ. ರಾಗಿ ಕೊಯ್ಲು ಮುಗಿದ ಹೊಲದಲ್ಲಿ, ಬಿಸಿಲೇರುವ ಮುಂಚಿನ ಹೊತ್ತು ಅತ್ಯುತ್ತಮ. ನೆಲ ಮೆತ್ತಗಿರುತ್ತದೆ, ಗಾಳಿ ಸತ್ತಿರುತ್ತದೆ. ಕೋಲಾರದಲ್ಲಿ ಮೊದಲೆಲ್ಲ ಬತ್ತಿದ ಕೆರೆಯಂಗಳ ಇತ್ತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ನೀರು ತುಂಬಿದ ಕೆರೆಗಳ ಹತ್ತಿರ ಈಗ ಮಕ್ಕಳನ್ನು ಬಿಡಬೇಡಿ. ತಿಪಟೂರು, ತುರುವೇಕೆರೆ ಕಡೆಯವರು ತೆಂಗಿನ ತೋಟದಿಂದ ದೂರ ಸರಿಯಿರಿ. ಮಳೆಗಾಲದಲ್ಲಿ ಶಾಲೆಯ ಸಭಾಂಗಣ, ಖಾಲಿ ಕಲ್ಯಾಣ ಮಂಟಪ ಇನ್ನೂ ಚೆನ್ನ: ಗಾಳಿಯ ನೆಪ ಹೇಳಲಾಗದು, ತಪ್ಪು ವಿಮಾನದ್ದೇ ಎಂದು ಗೊತ್ತಾಗುತ್ತದೆ.

ಬಾಲ್ಸಾ ಮರದ ಕಿಟ್ ಕೊಳ್ಳಬಹುದೇ ಎಂದು ಕೆಲವರು ಕೇಳುತ್ತಾರೆ. ಬಾಲ್ಸಾ ಹಗುರ, ಬಿಗಿ, ಕೆಲಸಕ್ಕೆ ಸೊಗಸು, ಆದರೆ ದಕ್ಷಿಣ ಅಮೆರಿಕದಿಂದ ಬರುವ ಮರವಾದ್ದರಿಂದ ದುಬಾರಿ. ಮೊದಲ ಗ್ಲೈಡರ್ ಮುರಿಯುವುದು ಖಚಿತ. ಮುರಿದರೂ ಮಗು ಹೆದರಬಾರದು ಅಂದರೆ ಅಗ್ಗದ ಫೋಮೇ ಸರಿ. ಎರಡನೆಯ ವರ್ಷಕ್ಕೆ ಬಾಲ್ಸಾ ಯೋಚಿಸಿ.

ರಬ್ಬರ್ ವಿಮಾನ

ಗ್ಲೈಡರ್ ನೆಟ್ಟಗೆ ಹಾರಲು ಕಲಿತ ಮೇಲೆ ಅದಕ್ಕೆ ಶಕ್ತಿ ಕೊಡುವ ಮೊದಲ ಮೆಟ್ಟಿಲು ಇದು. 150 ಮಿ.ಮೀ.ನ ಪ್ಲಾಸ್ಟಿಕ್ ಪ್ರೊಪೆಲ್ಲರ್, ಕೊಕ್ಕೆ, ರಬ್ಬರ್ ಪಟ್ಟಿ ಇಷ್ಟೆ. ಹೊಸ ಸಮಸ್ಯೆ ಒಂದು ಬರುತ್ತದೆ: ಪ್ರೊಪೆಲ್ಲರ್ ಒಂದು ಕಡೆ ತಿರುಗುವಾಗ ವಿಮಾನ ಇನ್ನೊಂದು ಕಡೆ ವಾಲುತ್ತದೆ, ಪೂರ್ತಿ ಸುತ್ತಿದ ರಬ್ಬರಿನ ಮೊದಲ ಎಳೆತಕ್ಕೆ ಮೂಗು ಮೇಲೇಳುತ್ತದೆ. ಪ್ರೊಪೆಲ್ಲರಿನ ಅಕ್ಷವನ್ನು ಎರಡು ಮೂರು ಡಿಗ್ರಿ ಕೆಳಕ್ಕೂ ಅಷ್ಟೇ ಬಲಕ್ಕೂ ಓರೆ ಮಾಡುವುದು ಇದಕ್ಕೇ. ಮಗು ಕೋನಮಾಪಕ ಹಿಡಿದು ಅಳೆಯಲು ಸಿಗುವ ನಿಜವಾದ ಕಾರಣ ಇದು.

ರಬ್ಬರಿಗೆ ಹರಳೆಣ್ಣೆ ತೆಳ್ಳಗೆ ಸವರಿದರೆ ಎಳೆಗಳು ಒಂದಕ್ಕೊಂದು ಉಜ್ಜಿ ಹರಿಯುವುದು ಕಡಿಮೆಯಾಗುತ್ತದೆ, ಹೆಚ್ಚು ಸುತ್ತು ಹಿಡಿಯುತ್ತದೆ. ವ್ಯಾಸಲೀನ್, ಯಂತ್ರದ ಎಣ್ಣೆ ಸವರಬೇಡಿ, ಅವು ರಬ್ಬರನ್ನು ಉಬ್ಬಿಸಿ ಕೊಳೆಸುತ್ತವೆ. ಬಿಸಿಲಿನಲ್ಲಿ ಬಿಟ್ಟ ರಬ್ಬರ್ ಮರುದಿನ ಸುತ್ತುವಾಗಲೇ ತುಂಡಾಗುತ್ತದೆ. ಮುಖ ದೂರವಿಟ್ಟು ಸುತ್ತಲು ಹೇಳಿ.

ರಿಮೋಟ್ ವಿಮಾನ ಮತ್ತು ಡ್ರೋನ್

ಮಕ್ಕಳು ಕೇಳುವುದು ಇದನ್ನೇ, ಮಾರುವವರು ತಳ್ಳುವುದೂ ಇದನ್ನೇ. ಇವು ಕೆಟ್ಟವಲ್ಲ, ಕಾಲ ಮಾತ್ರ ಬೇರೆ. ಸಿದ್ಧ ಡ್ರೋನ್ ಪೆಟ್ಟಿಗೆಯಿಂದ ತೆಗೆದ ಕೂಡಲೇ ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ನಿಲ್ಲಿಸುತ್ತಿರುವುದು ಒಳಗಿನ ಗೈರೋ (ವಾಲುವುದನ್ನು ಗುರುತಿಸುವ ಸೆನ್ಸಾರ್) ಮತ್ತು ತಂತ್ರಾಂಶ. ರೆಕ್ಕೆ, ಬಾಲ, ತೂಕದ ಕೇಂದ್ರ ಇವು ಯಾವುದರ ಪಾಠವೂ ಅಲ್ಲಿ ಇಲ್ಲ. ಬಿದ್ದರೆ ಯಾಕೆ ಬಿತ್ತೆಂದು ಹನ್ನೆರಡರ ಮಗುವಿಗೆ ಹೇಳಲಾಗದು, ಬಿಡಿಭಾಗ ಬರುವವರೆಗೆ ಆಟ ನಿಂತಂತೆಯೇ. ಬಿಡಿಭಾಗಗಳಿಂದ ಜೋಡಿಸುವ ಡ್ರೋನ್ ಕಿಟ್ ಇದಕ್ಕಿಂತ ಮೇಲು. ಬೆಸುಗೆ, ಮೋಟಾರಿನ ವೇಗ ನಿಯಂತ್ರಣ, ಸೆನ್ಸಾರ್ ಇವನ್ನು ಕಲಿಸುತ್ತದೆ. ಎಲೆಕ್ಟ್ರಾನಿಕ್ಸ್ ಕಡೆ ಒಲವಿರುವ ಒಂಬತ್ತು, ಹತ್ತನೆಯ ತರಗತಿಯವರಿಗೆ ಅದು ಸರಿಯಾದ ಆಯ್ಕೆ. ನಿಮ್ಮ ಶಾಲೆಯಲ್ಲಿ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಕೊಳ್ಳುವ ಮುಂಚೆ ಅಲ್ಲಿ ಕೇಳಿ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆಂದೇ ಇರುವ ಆ ಕೋಣೆಗೆ ಬೀಗ ಜಡಿದಿದ್ದರೆ ತೆಗೆಸುವಂತೆ ಮುಖ್ಯೋಪಾಧ್ಯಾಯರಿಗೆ ಒತ್ತಾಯಿಸುವ ಹಕ್ಕು ಪೋಷಕರಿಗಿದೆ.

ರಿಮೋಟ್ ವಿಮಾನ ಹಾರಾಟವನ್ನು ನಿಜವಾಗಿ ಕಲಿಸುತ್ತದೆ. ಆದರೆ ರೇಡಿಯೊ, ಮೋಟಾರು, ಬ್ಯಾಟರಿ, ಚಾರ್ಜರ್ ಸೇರಿ ಖರ್ಚು ಸಾವಿರಗಳಲ್ಲಿ ಹೋಗುತ್ತದೆ. ಗ್ಲೈಡರಿನದು ನೂರುಗಳಲ್ಲಿ ಮುಗಿಯುತ್ತದೆ. ಮೊದಲ ಸಲ ಹಾರಿಸುವವರು ಮಾಡುವ ತಪ್ಪು ಒಂದೇ: ವಿಮಾನ ತಮ್ಮ ಕಡೆಗೆ ಮುಖಮಾಡಿ ಬರುವಾಗ ಎಡಬಲ ಅದಲುಬದಲಾಗಿ ನೆಲಕ್ಕೆ ಹೊಡೆಸುತ್ತಾರೆ. ಅದಕ್ಕೆ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಮೊದಲು ಕೈ ಪಳಗಿಸಬೇಕು. ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಸಮುದ್ರಮಟ್ಟದಿಂದ ಸುಮಾರು 800–900 ಮೀಟರ್ ಎತ್ತರದಲ್ಲಿವೆ. ಗಾಳಿ ಸ್ವಲ್ಪ ತೆಳು, ಕಿಟ್ಟಿನ ಹಾಳೆಯಲ್ಲಿ ಬರೆದಿರುವಷ್ಟು ಎಳೆತ ಪ್ರೊಪೆಲ್ಲರ್ ಕೊಡುವುದಿಲ್ಲ. ತೂಕ ಹೆಚ್ಚಿಸುವ ಬಣ್ಣ, ಸ್ಟಿಕ್ಕರ್ ಬಿಡಿ.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ದೊಡ್ಡವರ ಕೈಯಲ್ಲೇ ಇಟ್ಟುಕೊಳ್ಳಬೇಕು. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, ಹಾರಾಟದ ನಂತರ 3.5ಕ್ಕಿಂತ ಕೆಳಗಿಳಿಸಬೇಡಿ, ಎತ್ತಿಡುವಾಗ 3.8ರ ಸುತ್ತ ಇರಲಿ. ಊದಿಕೊಂಡದ್ದನ್ನು ಚಾರ್ಜ್ ಮಾಡಿದರೆ ಬೆಂಕಿ ಹತ್ತಬಹುದು. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕುವ ಅಭ್ಯಾಸ ಬೇಡವೇ ಬೇಡ.

ಕಾನೂನು ಕೂಡ ಇದೆ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೋ. ನ್ಯಾನೋ ಹಾರಿಸಲು, ವ್ಯಾಪಾರಕ್ಕಲ್ಲದೆ ಮೈಕ್ರೋ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಲೇಬೇಕು. ವಿಮಾನ ನಿಲ್ದಾಣದ ಆವರಣದಿಂದ 12 ಕಿ.ಮೀ.ವರೆಗೆ ನಿರ್ಬಂಧದ ಲೆಕ್ಕ ಇರುವುದರಿಂದ ದೇವನಹಳ್ಳಿ ಕಡೆಗೆ ಹತ್ತಿರವಿರುವ ಹಳ್ಳಿಗಳವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೈಯಿಂದ ಎಸೆಯುವ ಗ್ಲೈಡರಿಗೆ ಈ ತಲೆನೋವು ಯಾವುದೂ ಇಲ್ಲ.

ಡ್ರಾಯಿಂಗ್: ಹಲಗೆಯೋ ಕಂಪ್ಯೂಟರೋ

ಗ್ಲೈಡರನ್ನು ನೇರ ಫೋಮಿನ ಮೇಲೆ ಗೀಚಿ ಕತ್ತರಿಸಲು ಬಿಟ್ಟರೆ ಅರ್ಧ ಲಾಭ ಹೋಯಿತು. ಮೊದಲು ಕಾಗದ, ಆಮೇಲೆ ಫೋಮ್. ಕೈಯಲ್ಲಿ ಬರೆಯುವುದರಿಂದ ಶುರುಮಾಡಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ, ಕಾರಣ ಒಂದು ಎ3 ಹಾಳೆಯಲ್ಲೇ ಸಿಗುತ್ತದೆ.

ಎ3 ಅಂದರೆ 420 × 297 ಮಿ.ಮೀ. ಎಡಕ್ಕೆ 20, ಉಳಿದ ಮೂರು ಕಡೆ 10 ಮಿ.ಮೀ. ಅಂಚು ಬಿಟ್ಟರೆ ಉಳಿಯುವುದು 390 × 277. 400 ಮಿ.ಮೀ. ರೆಕ್ಕೆ ಅದರಲ್ಲಿ ಹಿಡಿಸುವುದಿಲ್ಲ. ಪ್ರಮಾಣ ಅಥವಾ ಸ್ಕೇಲ್ ಎಂಬ ಮಾತು ಯಾಕೆ ಬೇಕೆಂದು ಮಗುವಿಗೆ ಗೊತ್ತಾಗುವುದು ಆ ಕ್ಷಣದಲ್ಲಿ. 1:2 ತೆಗೆದುಕೊಳ್ಳಿ. ಪಕ್ಕದಿಂದ ಕಾಣುವ ನೋಟವನ್ನೇ, ಮೂಗು ಎಡಕ್ಕಿರುವಂತೆ, ಮುಖ್ಯ ನೋಟವಾಗಿ ಮೇಲೆ ಎಡಗಡೆ ಬರೆಸಿ: 180 ಮಿ.ಮೀ. ಉದ್ದ. ಅದರ ಕೆಳಗೆ ಮೇಲಿನಿಂದ ಕಾಣುವ ನೋಟ: 180 ಅಗಲ, 200 ಎತ್ತರ. ಮೂಗಿನ ಕಡೆಯಿಂದ ಕಾಣುವ ನೋಟ 200 ಅಗಲ. ಮೇಲೆ ಪಕ್ಕಪಕ್ಕ 180ಕ್ಕೆ 200 ಕೂಡಿದರೆ 380, ನಡುವೆ ಅಳತೆ ಬರೆಯಲು ಉಳಿದದ್ದು ಬರೀ 10 ಮಿ.ಮೀ. ಮತ್ತೆ ಸಿಕ್ಕಿಬಿದ್ದ ಹಾಗಾಯಿತು. ಇಲ್ಲಿ ಮಗು ತಾನೇ ಕೇಳುವವರೆಗೆ ಕಾಯಿರಿ: ಎರಡು ಬದಿಯೂ ಒಂದೇ ಥರ ಇರುವಾಗ ಅರ್ಧ ಬರೆದರೆ ಸಾಲದೇ? ಸಾಲುತ್ತದೆ. ನಡುಗೆರೆಯ ಎರಡೂ ತುದಿಗೆ ಎರಡೆರಡು ಸಣ್ಣ ಸಮಾನಾಂತರ ಗೆರೆ ಹಾಕಿ ಅರ್ಧ ನೋಟ ಬರೆಯುವ ಪದ್ಧತಿ ಇದೆ. 200 ಇದ್ದದ್ದು 100 ಆಗಿ ಹಾಳೆ ಬಿಡುವಾಗುತ್ತದೆ, ಬಲಕ್ಕೆ ಕೆಳಗೆ ಹೆಸರು, ಪ್ರಮಾಣ, ದಿನಾಂಕ ಬರೆಯುವ ಚೌಕಕ್ಕೂ ಜಾಗ ಸಿಗುತ್ತದೆ.

ಕ್ಯಾಡ್‌ನಲ್ಲಿ ಈ ಸಿಕ್ಕೇ ಬರುವುದಿಲ್ಲ. ಪರದೆಗೆ ಅಂಚಿಲ್ಲ, ಚಕ್ರ ತಿರುಗಿಸಿದರೆ ಹಿಗ್ಗುತ್ತದೆ ಕುಗ್ಗುತ್ತದೆ, 80 ಮಿ.ಮೀ. ಎಷ್ಟು ದೊಡ್ಡದು ಎಂಬ ಅಂದಾಜು ಕೈಗೆ ಹತ್ತುವುದೇ ಇಲ್ಲ.

ಇನ್ನೊಂದು ತೊಡಕು ಎಲ್ಲರಿಗೂ ಬರುತ್ತದೆ. ವಸ್ತುವಿನ ಬೇರೆ ಬೇರೆ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಕ್ರಮಕ್ಕೆ ಪ್ರಕ್ಷೇಪ ಎನ್ನುತ್ತಾರೆ. ಭಾರತದಲ್ಲಿ ಬಳಸುವುದು ಮೊದಲ ಕೋನದ ಪ್ರಕ್ಷೇಪ, ಅಂದರೆ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್. ಅದರಲ್ಲಿ ಎಡದಿಂದ ನೋಡಿದ್ದನ್ನು ಬಲಕ್ಕೆ ಬರೆಯಬೇಕು, ಮೇಲಿನಿಂದ ನೋಡಿದ್ದನ್ನು ಕೆಳಗೆ. ಹಾಗಾಗಿ ಮೂಗಿನ ನೋಟ ಬಾಲದ ಪಕ್ಕದಲ್ಲಿ ಬಂದು ಕೂರುತ್ತದೆ. ಬಾಯಿಪಾಠ ಮಾಡಿಸಬೇಡಿ. ಗ್ಲೈಡರನ್ನು ಹಾಳೆಯ ಮೇಲೆ ಪಕ್ಕಕ್ಕೆ ಮಲಗಿಸಿ, ಬಾಲದ ಕಡೆಗೆ ಉರುಳಿಸಿ ನಿಲ್ಲಿಸಿ. ಈಗ ಮೇಲಿನಿಂದ ಕಾಣುವುದು ಮೂಗು, ಅದು ಬಂದಿರುವುದು ಬಲಕ್ಕೆ. ಎರಡು ಸಲ ಉರುಳಿಸಿದರೆ ಜೀವಮಾನಕ್ಕೆ ಮರೆಯುವುದಿಲ್ಲ. ಡಿಪ್ಲೊಮಾ ಮೊದಲ ವರ್ಷದಲ್ಲಿ ಅನೇಕರು ಎಡವುವುದು ಇದೇ ಜಾಗದಲ್ಲಿ.

ಸಾಮಾನಿಗೆ ಹೆಚ್ಚೇನೂ ಬೇಡ. ಜಾಮಿಟ್ರಿ ಬಾಕ್ಸಿನ ಪುಟ್ಟ ಮೂಲೆಮಟ್ಟಗಳು ಸಾಲವು; 45ರದೊಂದು, 30-60ರದೊಂದು ದೊಡ್ಡ ಸೆಟ್‌ಸ್ಕ್ವೇರ್, 300 ಮಿ.ಮೀ. ಸ್ಕೇಲ್, ತಿಳಿ ಗೆರೆಗೆ 2ಎಚ್ ಪೆನ್ಸಿಲ್, ದಪ್ಪ ಗೆರೆಗೆ ಎಚ್‌ಬಿ, ಎ3 ಹಿಡಿಯುವ ಹಲಗೆ. ಹಾಳೆಯ ನಾಲ್ಕು ಮೂಲೆಗೆ ಟೇಪು. ಗುಂಡುಪಿನ್ನು ಚುಚ್ಚಿದರೆ ಹಲಗೆ ಹಾಳು. ಹಲಗೆಗೆ ಸಿಕ್ಕಿಸಿ ಸಮಾನಾಂತರ ಗೆರೆ ಎಳೆಯುವ ಕೀಲುಗಳ ಸಾಧನವಾದ ಮಿನಿ ಡ್ರಾಫ್ಟರ್ ಆಮೇಲೆ ಕೊಡಿಸಿ. ಅಗ್ಗದ ಡ್ರಾಫ್ಟರಿನ ಕೀಲುಗಳು ಸಡಿಲವಾಗಿದ್ದರೆ ಮೇಲೆ ಎಳೆದ ಅಡ್ಡಗೆರೆಯೂ ಕೆಳಗೆ ಎಳೆದದ್ದೂ ಸಮಾನಾಂತರ ಇರುವುದಿಲ್ಲ, ಮಗು ತನ್ನ ಕೈಯನ್ನೇ ದೂರಿಕೊಳ್ಳುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಹಾಳೆಯ ಮೇಲ್ತುದಿಗೆ ಒಂದು, ಕೆಳತುದಿಗೆ ಒಂದು ಗೆರೆ ಎಳೆದು, ಎರಡೂ ತುದಿಗಳಲ್ಲಿ ಅಂತರ ಅಳೆದು ನೋಡಿ.

ಸೂಕ್ಷ್ಮಗಳಲ್ಲಿ ಎರಡನ್ನು ಬಿಡಬೇಡಿ. ಅಳತೆಯನ್ನು ಒಂದೇ ಕಡೆ ಬರೆಯಬೇಕು, ಎರಡು ನೋಟದಲ್ಲೂ ಬರೆದರೆ ತಿದ್ದುವಾಗ ಒಂದು ಉಳಿದುಹೋಗುತ್ತದೆ. 1:2ರಲ್ಲಿ ಬರೆದರೂ ಅಳತೆಯ ಅಂಕಿ ನಿಜವಾದದ್ದೇ ಇರಬೇಕು: ಗೆರೆ 200 ಮಿ.ಮೀ. ಇದ್ದರೂ ಅಂಕಿ 400. ಹಾರಿಸಿ ತಿದ್ದಿದ ಮೇಲೆ ಹಾಳೆಯನ್ನೂ ತಿದ್ದಿಸಿ, ದಿನಾಂಕ ಹಾಕಿಸಿ.

ಇದೇ ಗ್ಲೈಡರಿನ ಮೂರು ನಾಲ್ಕು ಹಾಳೆ ಕೈಯಲ್ಲಿ ಬರೆದ ಮೇಲೆ ಕಂಪ್ಯೂಟರಿಗೆ ಹೋಗಲಿ. ಹಳೆಯ ಕಂಪ್ಯೂಟರಿನಲ್ಲೂ ಓಡುವ ಲಿಬ್ರೆಕ್ಯಾಡ್ ಎರಡು ಆಯಾಮದ ಕೆಲಸಕ್ಕೆ ಸಾಕು, ದುಡ್ಡಿಲ್ಲ. ಮೂರು ಆಯಾಮಕ್ಕೆ ಟಿಂಕರ್‌ಕ್ಯಾಡ್ ಬ್ರೌಸರಿನಲ್ಲೇ ತೆರೆಯುತ್ತದೆ, ಸುಲಭ, ಇಂಟರ್ನೆಟ್ ಬೇಕು. ಫ್ರೀಕ್ಯಾಡ್ ಶಕ್ತಿಶಾಲಿ, ತಾಳ್ಮೆ ಬೇಡುತ್ತದೆ, ಒಂಬತ್ತನೆಯ ತರಗತಿಗೆ ಮುಂಚೆ ಬೇಡ. ಊರಿನ ಕಂಪ್ಯೂಟರ್ ಸೆಂಟರುಗಳಲ್ಲಿ ಬೇಸಿಗೆ ರಜೆಗೆ ಆಟೋಕ್ಯಾಡ್ ಕೋರ್ಸ್ ಎಂದು ಫಲಕ ತೂಗುತ್ತದೆ. ಪ್ರಕ್ಷೇಪ ಗೊತ್ತಿಲ್ಲದ ಎಂಟನೆಯ ತರಗತಿಯ ಮಗು ಅಲ್ಲಿ ಕಲಿಯುವುದು ಆಜ್ಞೆಗಳ ಪಟ್ಟಿ ಮಾತ್ರ. ಆ ಹಣವನ್ನು ಹಲಗೆಗೂ ಫೋಮಿಗೂ ಹಾಕಿ.

ಎಸ್ಎಸ್ಎಲ್‌ಸಿ ಆದ ಮೇಲೆ

ಎರಡು ಮೂರು ವರ್ಷ ಹೀಗೆ ಕೈ ಹಚ್ಚಿದ ಮಗುವಿನ ಒಲವು ನಿಮಗೆ ಕಾಣುತ್ತಿರುತ್ತದೆ. ಹಾಳೆ ಚೊಕ್ಕವಾಗಿ ಬರೆಯುವುದರಲ್ಲೇ ಖುಷಿಯೆಂದರೆ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಇದೆ, ಎರಡು ವರ್ಷ. ಕತ್ತರಿಸಿ ಜೋಡಿಸುವುದೇ ಇಷ್ಟವೆಂದರೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಇವೂ ಎರಡೆರಡು ವರ್ಷ. ದೊಡ್ಡ ಕಾರ್ಖಾನೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವಾಗ ಕೇಳುವುದು ಇವೇ ಟ್ರೇಡುಗಳನ್ನು. ಯಾಕೆ ಹಾರಿತು, ಯಾಕೆ ಬಿತ್ತು ಎಂದು ಲೆಕ್ಕ ಹಾಕುವ ಮಗುವಿಗೆ ಡಿಪ್ಲೊಮಾ ಅಥವಾ ಪಿಯುಸಿ ವಿಜ್ಞಾನ.

ಡಿಪ್ಲೊಮಾನೋ ಪಿಯುಸಿಯೋ ಎಂಬಲ್ಲಿ ಮನೆಗಳಲ್ಲಿ ಜಗಳವೇ ಆಗುತ್ತದೆ. ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಮೂರು ವರ್ಷ. ಮುಗಿಸಿದವರು ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಒಟ್ಟು ಆರು ವರ್ಷ. ಪಿಯುಸಿ ಎರಡು, ಬಿಇ ನಾಲ್ಕು, ಅದೂ ಆರೇ. ವರ್ಷ ಸಮ ಇರುವಾಗ ಉಳಿದದ್ದನ್ನು ನೋಡಿ. ಡಿಪ್ಲೊಮಾದವರಿಗೆ ಮೂರು ವರ್ಷಕ್ಕೇ ಕೆಲಸಕ್ಕೆ ಹೋಗುವ ಬಾಗಿಲು ತೆರೆದಿರುತ್ತದೆ, ಲೇತ್ (ಲೋಹ ಕಡೆಯುವ ಯಂತ್ರ) ಹಿಡಿದ ಅನುಭವ ಇರುತ್ತದೆ, ಬಿಇಗೆ ಬಂದಾಗ ಗಣಿತದಲ್ಲಿ ಉಸಿರುಗಟ್ಟುತ್ತದೆ. ಪಿಯುಸಿಯವರಿಗೆ ಗಣಿತ ಗಟ್ಟಿ, ಕೈಕೆಲಸ ಸೊನ್ನೆ. ಸಿಇಟಿ ಕೋಚಿಂಗಿನ ಓಟದಲ್ಲಿ ಗ್ಲೈಡರ್ ಅಟ್ಟ ಸೇರುತ್ತದೆ. ಮನೆಯಲ್ಲಿ ಹಣದ ಒತ್ತಡ ಇದ್ದರೆ, ಮಗುವಿನ ಕೈ ಚುರುಕಾಗಿದ್ದರೆ ಡಿಪ್ಲೊಮಾ ಮೇಲು ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಐಟಿಐ ಸೇರಿದವರಿಗೂ ಮುಂದಿನ ದಾರಿ ಮುಚ್ಚಿಲ್ಲ, ಅವರು ಡಿಪ್ಲೊಮಾ ಎರಡನೆಯ ವರ್ಷಕ್ಕೆ ಬರಲು ಅವಕಾಶವಿದೆ.

ಪೈಲಟ್ ಆಗಬೇಕು, ವಿಮಾನ ನಿರ್ವಹಣೆಯ ಎಂಜಿನಿಯರ್ ಆಗಬೇಕು ಎನ್ನುವವರು ಮಾತ್ರ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡನ್ನೂ ಬಿಡಬಾರದು. ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಬೇಕು, ಖರ್ಚು ಲಕ್ಷಗಳಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ದುಡ್ಡು ಹೊಂದಿಸುವ ಮುಂಚೆ ಮಗುವಿನ ಕಣ್ಣು, ಅದರಲ್ಲೂ ಬಣ್ಣ ಗುರುತಿಸುವ ದೃಷ್ಟಿಯನ್ನು ಪರೀಕ್ಷೆ ಮಾಡಿಸಿ. ವೈದ್ಯಕೀಯ ಪರೀಕ್ಷೆಯಲ್ಲಿ ತಡೆದರೆ ಕಟ್ಟಿದ ಶುಲ್ಕ ವಾಪಸು ಬರುವುದಿಲ್ಲ.

ಈ ಆಯ್ಕೆಗಳನ್ನು ಬಾಯಲ್ಲಿ ವಿವರಿಸುವ ಮುಂಚೆ ಒಂದು ದಿನ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಪ್ರತಿಕೃತಿ ಇದೆ. ಎಚ್‌ಎಎಲ್‌ನ ಪರಂಪರೆಯ ಸಂಗ್ರಹಾಲಯದಲ್ಲಿ ಮಾರುತ್ ಸೇರಿ ಹಳೆಯ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಒಂದೇ ದಿನಕ್ಕೆ ಒಂದನ್ನು ಆರಿಸಬೇಕೆಂದರೆ ಸಣ್ಣ ಮಕ್ಕಳಿಗೆ ಮೊದಲನೆಯದು, ಗ್ಲೈಡರ್ ಮಾಡಿದ ಮಕ್ಕಳಿಗೆ ಎರಡನೆಯದು. ಸ್ಕೇಲ್, ನೋಟ್‌ಬುಕ್ ಜೊತೆಗಿರಲಿ. ಯಾವುದಾದರೊಂದು ವಿಮಾನದ ಬಾಲ ರೆಕ್ಕೆಯ ಎಷ್ಟನೇ ಒಂದು ಪಾಲು ಎಂದು ಅಂದಾಜು ಹಾಕಿಸಿ.

ಕೊನೆಗೆ ಐಟಿಐ, ಪಾಲಿಟೆಕ್ನಿಕ್ ಯಾವುದೇ ಇರಲಿ, ಅರ್ಜಿ ಹಾಕುವ ಮುನ್ನ ಕೆಲಸದ ದಿನವೇ ವರ್ಕ್‌ಶಾಪಿಗೆ ಹೋಗಿ ನೋಡಿ. ಲೇತಿನ ಕೆಳಗೆ ಹೊಸ ಲೋಹದ ಸುರುಳಿ ಚೂರು ಬಿದ್ದಿದೆಯೋ ಧೂಳು ಕೂತಿದೆಯೋ ಗಮನಿಸಿ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು ಎಂದು ಕೇಳಿ. ಡ್ರಾಯಿಂಗ್ ಹಾಲಿನಲ್ಲಿ ಈ ವರ್ಷದ ಹಾಳೆಗಳನ್ನು ತೋರಿಸಲು ಹೇಳಿ: ಎಲ್ಲ ಹಾಳೆಯಲ್ಲೂ ಒಂದೇ ತಪ್ಪು ಒಂದೇ ಜಾಗದಲ್ಲಿದ್ದರೆ ಮಕ್ಕಳು ನಕಲು ಮಾಡುತ್ತಿದ್ದಾರೆ, ತಿದ್ದುವವರು ನೋಡುತ್ತಿಲ್ಲ. ಹಾಗಿದ್ದರೆ ಮನೆಗೆ ಹತ್ತಿರವೆಂಬ ಕಾರಣಕ್ಕೆ ಅಲ್ಲಿಗೆ ಸೇರಿಸಬೇಡಿ, ಬಸ್ಸಿನಲ್ಲಿ ಒಂದು ಗಂಟೆ ದೂರವಾದರೂ ಪಕ್ಕದ ತಾಲ್ಲೂಕಿನದನ್ನು ನೋಡಿ ಬನ್ನಿ.